ಪೊಟ್ಟೋಡು, ಪೊಡುಗೋಡು

ಮಂಡಿಕಲ್ ಹತ್ತಿರದ ಒಂದು ಹಳ್ಳಿಯಲ್ಲಿ ಮುನಿವೆಂಕಟಪ್ಪ ಎಂಬ ರೈತರಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಅವರನ್ನು ಕಾಣಬೇಕಾದರೆ ಮನೆಗೆ ಹೋಗಿ ಬಾಗಿಲು ತಟ್ಟಿ ಪ್ರಯೋಜನವಿಲ್ಲ. ಹಿಪ್ಪುನೇರಳೆ ತೋಟ ದಾಟಿ ಬದುವಿನ ಕೊನೆಗೆ ಹೋಗಬೇಕು. ಅಲ್ಲೊಂದು ಹೊಂಗೆಮರವಿದೆ. ಮರದ ಬುಡದಲ್ಲಿ ಹೊಗೆ ಕಂಡರೆ ಮುನಿವೆಂಕಟಪ್ಪ ಇದ್ದಾರೆ ಅಂತ ತಿಳಿಯಬೇಕು. ಹೊಗೆ ಕಾಣದಿದ್ದರೆ ಹೊಗೆಸೊಪ್ಪು ಮುಗಿದಿದೆ, ಆದರೂ ಇದ್ದಾರೆ.

ಅಷ್ಟು ದೂರ ಹೋಗಿ ಸೇದಬೇಕೆಂಬುದು ಅವರ ಆಸೆಯೇನಲ್ಲ. ಮನೆಯಲ್ಲಿ ರೇಷ್ಮೆಹುಳ ಸಾಕುತ್ತಾರೆ. ಹುಳಕ್ಕೂ ಹೊಗೆಸೊಪ್ಪಿಗೂ ಆಗದು. ಸೇದಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಮುಟ್ಟಿದರೂ ಸಾಕು, ಅದನ್ನು ತಿಂದ ಹುಳ ತಲೆ ಎತ್ತಿಕೊಂಡು ಒದ್ದಾಡಿ ಸತ್ತುಹೋಗುತ್ತದೆ. ಹಾಗಾಗಿ ಹೆಂಡತಿ ಅಕ್ಕಯ್ಯಮ್ಮ ಮದುವೆಯಾದ ಹೊಸತರಲ್ಲೇ ಕಾನೂನು ಮಾಡಿಬಿಟ್ಟರು. ಸೇದಿ ಬಂದವರು ಸೋಪು ಹಾಕಿ ಕೈ ತೊಳೆಯಬೇಕು, ಬಾಯಿ ಮುಕ್ಕಳಿಸಬೇಕು, ಅಂಗಿ ಬದಲಾಯಿಸಬೇಕು. ಆಮೇಲೆ ಒಳಗೆ ಬರಬಹುದು, ಅದೂ ಅಡುಗೆಮನೆಯವರೆಗೆ ಮಾತ್ರ.

"ಹುಳ ಮೊದ್ಲು, ನೀವು ಆಮೇಲೆ" ಅನ್ನುತ್ತಿದ್ದರು ಅಕ್ಕಯ್ಯಮ್ಮ.

"ನನ್ನನ್ನ ಕಟ್ಕೊಂಡ್ಯೋ ಹುಳನ್ನ ಕಟ್ಕೊಂಡ್ಯೋ?"

"ಹುಳ ಸಾಕಿದ್ರೆ ರೇಷ್ಮೆ ಕೊಡುತ್ತೆ. ನಿಮ್ಮನ್ನ ಸಾಕಿ ಏನ್ ಬಂತು ಹೇಳಿ."

ಮುನಿವೆಂಕಟಪ್ಪ ಹೊಗೆಸೊಪ್ಪು ಎತ್ತಿಕೊಂಡು ಹೊರಗೆ ನಡೆಯುತ್ತಿದ್ದರು. ಮೊದಲು ಕೊಟ್ಟಿಗೆಯ ಹಿಂದೆ ಕೂತು ಸೇದುತ್ತಿದ್ದರು. ಹುಳದ ಮನೆ ದೊಡ್ಡದಾದಾಗ ಬೇವಿನ ಮರದ ಕೆಳಗೆ ಹೋದರು. ಮೊಮ್ಮಗಳು ಪವಿತ್ರ ಓದು ಮುಗಿಸಿ ಬಂದು, ಹಳೆಯದನ್ನು ಕೆಡವಿ ಸಿಮೆಂಟಿನ ಹೊಸ ಹುಳದ ಮನೆ ಕಟ್ಟಿಸಿದಾಗ ಬೇವಿನ ಮರವೂ ಕೈಬಿಟ್ಟಿತು. ಹೊಂಗೆಮರದ ಆಚೆ ಇನ್ನೊಬ್ಬರ ಜಮೀನು. ಇನ್ನು ಹಿಂದೆ ಸರಿಯಲು ಜಾಗವಿಲ್ಲ.

ಅವರು ಸೇದುವುದು ಬೀಡಿಯಲ್ಲ, ಚುಟ್ಟವಲ್ಲ, ಪೈಪು. ಅದಕ್ಕೊಂದು ಕಥೆಯಿದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರೆಯದಲ್ಲಿ ಅವರಿಗೊಬ್ಬ ಗೆಳೆಯ ಸಿಕ್ಕಿದ್ದ, ಅಲೀಪುರದ ಬಾಖರ್ ಅಲಿ. ಆಗ ಬಾಖರ್ ನೂಲು ಬಿಚ್ಚುವವರೊಬ್ಬರ ಪರವಾಗಿ ಗೂಡು ಕೊಳ್ಳಲು ಬರುತ್ತಿದ್ದರು. ಆಮೇಲೆ ಊರಿಗೆ ಮರಳಿ ಹರಳು ಉಜ್ಜುವ ಕೆಲಸಕ್ಕೆ ಕೂತರು. ಹರಳಿನ ವ್ಯಾಪಾರಕ್ಕೆಂದು ದೇಶದೇಶ ಸುತ್ತುತ್ತಿದ್ದ ಅವರ ಮಾವ ಒಂದು ಸಲ ಒಂದೇ ಅಚ್ಚಿನ ಎರಡು ಪೈಪು ತಂದುಕೊಟ್ಟರು. ಮರದ ಬಟ್ಟಲು, ಉದ್ದನೆಯ ಕರಿ ಕೊಳವೆ. ಒಂದನ್ನು ಬಾಖರ್ ಇಟ್ಟುಕೊಂಡರು, ಇನ್ನೊಂದನ್ನು ಗೆಳೆಯನಿಗೆ ಕೊಟ್ಟರು.

ಕೊಟ್ಟ ವಾರವೇ ಅದು ಮುನಿವೆಂಕಟಪ್ಪನವರ ಜೇಬಿನಿಂದ ಜಾರಿ ಎತ್ತಿನ ಕಾಲಿಗೆ ಸಿಕ್ಕಿತು. ಬಟ್ಟಲಿಗೆ ಏನೂ ಆಗಲಿಲ್ಲ. ಕೊಳವೆ ಅರ್ಧಕ್ಕೆ ಮುರಿಯಿತು. ಅವರು ಮುರಿದ ತುದಿಯನ್ನು ಕುಡುಗೋಲಿನಿಂದ ಹೆರೆದು, ಕಲ್ಲಿಗೆ ಉಜ್ಜಿ ನುಣ್ಣಗೆ ಮಾಡಿ, ಬಾಯಿಗಿಟ್ಟು ನೋಡಿದರು. ಚೆನ್ನಾಗಿಯೇ ಇತ್ತು. ಜೇಬಿನಲ್ಲೂ ಸಲೀಸಾಗಿ ಕೂತಿತು. ಅದಕ್ಕೆ 'ಪೊಟ್ಟೋಡು' ಅಂತ ಹೆಸರಿಟ್ಟರು. ಆ ಸೀಮೆಯಲ್ಲಿ ಕನ್ನಡದ ಜೊತೆ ತೆಲುಗೂ ಮನೆಮಾತೇ. ಗಿಡ್ಡನಾದವನನ್ನು ತೆಲುಗಿನಲ್ಲಿ ಪೊಟ್ಟೋಡು ಅನ್ನುತ್ತಾರೆ, ಎತ್ತರದವನನ್ನು ಪೊಡುಗೋಡು. ಬಾಖರ್ ಬಳಿ ಉಳಿದದ್ದು ತಾನಾಗಿಯೇ ಪೊಡುಗೋಡು ಆಯಿತು.

ಅವತ್ತಿನಿಂದ ಗೆಳೆಯರ ನಡುವೆ ಒಂದೇ ಜಗಳ.

"ಹೊಗೆ ತಣ್ಣಗಾಗೋಕೆ ದಾರಿ ಬೇಕಪ್ಪ" ಅನ್ನುತ್ತಿದ್ದರು ಬಾಖರ್. "ನಂದ್ರಲ್ಲಿ ನಿಧಾನಕ್ಕೆ ನಡ್ಕೊಂಡು ಬರುತ್ತೆ. ನಿಂದ್ರಲ್ಲಿ ಒಲೆಯಿಂದ ಸೀದಾ ನಾಲ್ಗೆ ಮೇಲಕ್ಕೆ ಹಾರುತ್ತೆ. ಗಿಡ್ಡದ್ದು ಬಿಸಿ, ಉದ್ದದ್ದು ತಂಪು."

"ಹೊಗೆಗೇನು ಕಾಲಿದ್ಯಾ ನಡ್ಯೋಕೆ? ನಮ್ಮ ಪೊಟ್ಟೋಡು ತಣ್ಣಗಿನ ಮನುಷ್ಯ. ಅವನ ಸುದ್ದಿಗೆ ಬರ್ಬೇಡ."

ಈ ಜಗಳಕ್ಕೆ ನಲವತ್ತು ವರ್ಷ ತುಂಬಿತು. ಹಬ್ಬಕ್ಕೆ ಊಟಕ್ಕೆ ಕರೆದಾಗ, ಆಸ್ಪತ್ರೆಯಲ್ಲಿ ಒಬ್ಬರನ್ನೊಬ್ಬರು ನೋಡಲು ಹೋದಾಗ, ಮಕ್ಕಳ ಮದುವೆಯಲ್ಲಿ, ಎಲ್ಲೆಲ್ಲೂ ಅದೇ ಮಾತು. ಇಬ್ಬರಲ್ಲಿ ಯಾರೂ ಸೋಲಲಿಲ್ಲ. ಸೋತಿದ್ದರೆ ಮಾತಾಡಲು ಇನ್ನೇನು ಉಳಿಯುತ್ತಿತ್ತೋ ಗೊತ್ತಿಲ್ಲ.

ಇಂಥ ಮುನಿವೆಂಕಟಪ್ಪನವರ ಮನೆಗೆ ಈ ವರ್ಷ ಒಂದು ಸಂಬಂಧ ಬಂತು. ಬಂತು ಅನ್ನುವುದಕ್ಕಿಂತ ಪವಿತ್ರಳೇ ತಂದಳು ಅನ್ನಬೇಕು. ತೋಟಕ್ಕೆ ಹನಿ ನೀರಾವರಿ ಮಾಡಿಸಲು ಹೋದವಳು ಚಿಂತಾಮಣಿಯಲ್ಲಿ ಪೈಪಿನ ಅಂಗಡಿ ಇಟ್ಟಿದ್ದ ಸುನೀಲನನ್ನು ನೋಡಿದಳು. ಪೈಪು ಹಾಕಲು ಬಂದ ಸುನೀಲ, ಹಾಕಿ ಮುಗಿದ ಮೇಲೂ ಪೈಪು ಸೋರುತ್ತಿದೆಯಾ ಅಂತ ನೋಡಲು ವಾರವಾರ ಬರತೊಡಗಿದ. ಒಂದು ದಿನವೂ ಎಲ್ಲೂ ಸೋರಲಿಲ್ಲ. ಮನೆಯವರಿಗೆ ಅರ್ಥವಾಯಿತು.

ಹುಡುಗ ಒಳ್ಳೆಯವನು, ನಗುಮುಖ, ದುಡಿಮೆಗಾರ. ಒಂದೇ ಮಾತೆಂದರೆ ಪವಿತ್ರಳಿಗಿಂತ ಮೂರು ಬೆರಳು ಗಿಡ್ಡ. ಪವಿತ್ರಳ ಅಪ್ಪ ಮೋಹನ್‌ಬಾಬು ಸ್ವಲ್ಪ ಹಿಂದೆಮುಂದೆ ನೋಡಿದರು. ಆಗ ಮಗನ ಬಾಯಿ ಮುಚ್ಚಿಸಿದವರು ಮುನಿವೆಂಕಟಪ್ಪನವರೇ.

"ಎತ್ತರ ಇಟ್ಕೊಂಡು ಏನ್ಮಾಡ್ತೀಯೋ, ತೆಂಗಿನಕಾಯಿ ಕೀಳಿಸ್ತೀಯಾ? ಮಗು ಮನಸ್ಸಿಗೆ ಬಂದಿದ್ದಾನೆ. ಸುಮ್ನೆ ಒಪ್ಕೋ."

ಪವಿತ್ರ ಓಡಿ ಬಂದು ತಾತನ ಕುತ್ತಿಗೆಗೆ ಜೋತುಬಿದ್ದಳು. ಆ ಮೊಮ್ಮಗಳೆಂದರೆ ಅವರಿಗೆ ಜೀವ. ಅವಳ ಮದುವೆ ನೋಡಬೇಕು ಅನ್ನುವುದೊಂದೇ ಅವರಿಗೆ ಉಳಿದಿದ್ದ ಆಸೆ.

ತಾಯಿಯಿಲ್ಲದ ಸುನೀಲನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು ಅವನ ದೊಡ್ಡಮ್ಮ ಆದಿಲಕ್ಷ್ಮಮ್ಮ. ಚಿಂತಾಮಣಿ ಪಕ್ಕದ ಹಳ್ಳಿಯವರು. ಅವರೂ ಹುಳ ಸಾಕುವವರೇ, ಮಾತಿನಲ್ಲಿ ಖಾರ. ಹುಡುಗಿಯನ್ನು ನೋಡಿ ಒಪ್ಪಿ ಹೋಗಿದ್ದರು. ತಾಂಬೂಲ ಬದಲಾಯಿಸುವುದೊಂದು ಬಾಕಿಯಿತ್ತು.

ಅಷ್ಟರಲ್ಲಿ ಮುನಿವೆಂಕಟಪ್ಪನವರ ನಾಲಿಗೆ ಸುಡಲು ಶುರುವಾಯಿತು. ಪೊಟ್ಟೋಡನ್ನು ಬಾಯಿಗಿಟ್ಟರೆ ಸಾಕು, ಚುರ್ ಅನ್ನುತ್ತಿತ್ತು. ಬಟ್ಟಲನ್ನು ಕೈಯಲ್ಲಿ ಹಿಡಿಯುವ ಹಾಗೇ ಇರಲಿಲ್ಲ. ಹೊಗೆಸೊಪ್ಪು ಬದಲಾಯಿಸಿ ನೋಡಿದರು, ಕೊಳವೆಯನ್ನು ತೊಳೆದು ಒಣಗಿಸಿ ನೋಡಿದರು. ಏನು ಮಾಡಿದರೂ ಬಿಸಿ. ಕೊನೆಗೊಂದು ದಿನ ಅವರಿಗೆ ಅನ್ನಿಸಿಬಿಟ್ಟಿತು, ಬಾಖರ್ ಹೇಳಿದ್ದೇ ಸರಿಯಿತ್ತೇನೋ ಅಂತ. ಅವತ್ತು ಅವರಿಗೆ ಊಟ ಸೇರಲಿಲ್ಲ.

ಮರುದಿನ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕಿಕೊಂಡು ಹೋಗಿದ್ದರು. ಹರಾಜಿಗೆ ಇನ್ನೂ ಹೊತ್ತಿತ್ತು. ಒಂದು ಕಂಬಕ್ಕೆ ಒರಗಿ ಮೆಟ್ಟಿಲ ಮೇಲೆ ಕೂತು, ಮನಸ್ಸು ಗಟ್ಟಿ ಮಾಡಿ ಬಾಖರ್‌ಗೆ ಫೋನು ಹಚ್ಚಿದರು. ಬಾಖರ್‌ಗೆ ಈಗ ಕಿವಿ ಮಂದ. ಮೆಲ್ಲಗೆ ಸೋಲೋಣವೆಂದರೂ ಆಗುವ ಹಾಗಿಲ್ಲ.

"ಬಾಖರ್ ಸಾಬ್! ನಾನು ಸೋತೆ ಕಣಯ್ಯ!"

"ಏನು? ಎಲ್ಲಿ ಬಿದ್ದೆ?"

"ಬಿದ್ದಿಲ್ಲ, ಸೋತೆ! ಪೊಟ್ಟೋಡು ಬೇಡಪ್ಪ, ಸಾಕಾಗೋಯ್ತು! ಹತ್ರ ತಂದ್ರೆ ಸಾಕು ಬಿಸಿ ಆಗ್ತಾನೆ! ಇಷ್ಟು ದಿನ ಊರೆಲ್ಲಾ ಹೊಗಳ್ಕೊಂಡು ತಿರುಗ್ದೆ, ಈಗ ಅನುಭವಿಸ್ತಾ ಇದ್ದೀನಿ!"

"ನಾನು ಮೊದಲಿಂದ ಹೇಳ್ತಾನೇ ಇದ್ನಲ್ಲ!"

"ಹೇಳ್ದೆ, ನೀನು ಗೆದ್ದೆ! ಒಬ್ಬ ಪೊಡುಗೋಡನ್ನ ನೋಡು. ನಿಮ್ಮ ಅಲೀಪುರದ ಕಡೆ ಸಿಕ್ಕಿದ್ರೂ ಪರವಾಗಿಲ್ಲ. ಆದ್ರೆ ಪವಿತ್ರಂಗೆ ಮಾತ್ರ ಈಗ್ಲೇ ಹೇಳ್ಬೇಡ!"

ಪವಿತ್ರಳಿಗೆ ಗೊತ್ತಾದರೆ ತಿಂಗಳುಗಟ್ಟಲೆ ರೇಗಿಸುತ್ತಾಳೆಂದು ಅವರ ಭಯ. ಫೋನು ಇಟ್ಟು ತಿರುಗಿ ನೋಡಿದರೆ, ಪಕ್ಕದ ಮೆಟ್ಟಿಲ ಮೇಲೆ ಒಂದು ಲೋಟ ಬಿಸಿ ಟೀ ಕೂತಿತ್ತು. ಸುತ್ತ ಯಾರೂ ಇರಲಿಲ್ಲ. ಯಾರೋ ಪುಣ್ಯಾತ್ಮರು ಇಟ್ಟುಹೋಗಿದ್ದಾರೆ ಅಂದುಕೊಂಡು ಸಂತೋಷದಿಂದ ಕುಡಿದರು. ಗುಟುಕಿಗೊಂದು ಸಲ ನಾಲಿಗೆ ಸುಟ್ಟಿತು.

ಸಂಜೆ ಮನೆಯಲ್ಲಿ ಮೋಹನ್‌ಬಾಬು ಫೋನು ಬಂತು ಅಂತ ಎದ್ದು ಹೊರಗೆ ಹೋದವರು ಮುಖ ಸಣ್ಣ ಮಾಡಿಕೊಂಡು ಒಳಗೆ ಬಂದರು.

"ಅಪ್ಪ, ಇವತ್ತು ಮಾರ್ಕೆಟ್ಟಲ್ಲಿ ಏನ್ ಮಾತಾಡ್ದೆ?"

"ಏನಿಲ್ವಲ್ಲ. ಯಾಕೆ?"

"ಆದಿಲಕ್ಷ್ಮಮ್ಮನೋರೂ ಗೂಡು ತಂದಿದ್ರಂತೆ. ನಿನ್ನನ್ನ ನೋಡಿ, ಬೀಗರಾಗೋರು ಅಂತ ಟೀ ತಗೊಂಡು ಬಂದ್ರಂತೆ. ನೀನು ಫೋನಲ್ಲಿ ಪೊಟ್ಟೋಡು ಬೇಡ, ಪೊಡುಗೋಡನ್ನ ನೋಡು, ಪವಿತ್ರಂಗೆ ಹೇಳ್ಬೇಡ ಅಂತ ಕಿರುಚ್ತಾ ಇದ್ಯಂತೆ. ಸಂಬಂಧ ಬೇಡ ಅಂದ್ಬಿಟ್ರು."

ಮುನಿವೆಂಕಟಪ್ಪನವರಿಗೆ ಆ ಟೀ ನೆನಪಾಯಿತು. ಎದುರಿಗೆ ಪವಿತ್ರ ನಿಂತಿದ್ದಳು. ಕಣ್ಣು ತುಂಬಿತ್ತು.

"ನಾನು ಹೇಳಿದ್ದು ಇವನನ್ನ ಕಣಮ್ಮ!" ಅಂತ ಜೇಬಿನಿಂದ ಪೈಪು ತೆಗೆದು ತೋರಿಸಿದರು.

"ಗೊತ್ತು! ಆದ್ರೆ ಪೈಪಿಗೆ ಯಾರಾದ್ರೂ ಅಂಥ ಹೆಸರಿಡ್ತಾರಾ ತಾತ!" ಅಂದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೋಹನ್‌ಬಾಬು ಮತ್ತೆ ಫೋನು ಮಾಡಿ, ಅಮ್ಮಾ, ಅದು ಪೈಪಿನ ವಿಷಯ ಅಂತ ಬಿಡಿಸಿ ಹೇಳಿದರು. ಅದರಿಂದ ಇನ್ನೂ ಕೆಟ್ಟಿತು. "ಅಂತಾ ಅಬದ್ಧಂ, ಎಲ್ಲಾ ಸುಳ್ಳು!" ಅಂತ ಆದಿಲಕ್ಷ್ಮಮ್ಮ ಕೂಗಾಡಿದರು. "ಪೈಪು ಮಾರೋ ಹುಡುಗ ಅಂತ ಆಡ್ಕೊಳ್ತೀರಾ? ಸುಳ್ಳು ಹೇಳೋಕೆ ಬೇರೆ ಏನೂ ಸಿಗ್ಲಿಲ್ವಾ?"

ಮುನಿವೆಂಕಟಪ್ಪ ತಾವೇ ಹೋಗಿ ತೋರಿಸದೆ ಇದು ಬಗೆಹರಿಯದು ಅಂತ ನಿರ್ಧರಿಸಿದರು. ಬೆಳಿಗ್ಗೆ ಬಾಖರ್‌ಗೆ ಫೋನು ಹೋಯಿತು. "ಪೊಡುಗೋಡನ್ನ ಕರ್ಕೊಂಡು ಬಾ, ಸಾಕ್ಷಿ ಹೇಳ್ಬೇಕು" ಅಂದರು. ಬಾಖರ್ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದು ಕಾದರು. ಪವಿತ್ರ ಗೂಡು ಸಾಗಿಸುವ ಲಗೇಜ್ ಆಟೋ ತೆಗೆದಳು. ಮುದುಕರಿಬ್ಬರೂ ಅವಳ ಪಕ್ಕದ ಒಂದೇ ಸೀಟಿನಲ್ಲಿ ಇಕ್ಕಟ್ಟಾಗಿ ಕೂತರು. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಬಾಖರ್ ಮಾತ್ರ ಮೆಲ್ಲಗೆ, ಅಂದರೆ ಆಟೋ ನಡುಗುವಷ್ಟು ಮೆಲ್ಲಗೆ, "ಆದ್ರೂ ನಾನು ಗೆದ್ದೆ, ಅಲ್ವಾ?" ಅಂದರು. ಮುನಿವೆಂಕಟಪ್ಪ ಅವರ ತೊಡೆ ಚಿವುಟಿದರು.

ಆದಿಲಕ್ಷ್ಮಮ್ಮ ಕೂರಿ ಅಂದರು, ನೀರು ಕೊಟ್ಟರು. ಮನೆಗೆ ಬಂದವರಿಗೆ ಅಷ್ಟು ಮಾಡದಿರಲು ಆಗುತ್ತದೆಯೇ? ಮುಖ ಮಾತ್ರ ಬಿಗಿದುಕೊಂಡೇ ಇತ್ತು. ಮೂಲೆಯಲ್ಲಿ ನಿಂತಿದ್ದ ಸುನೀಲ ಪವಿತ್ರಳನ್ನು ನೋಡಿ ನಕ್ಕ. ದೊಡ್ಡಮ್ಮ ತಿರುಗಿ ನೋಡಿದ್ದೇ ನಗು ನುಂಗಿದ.

ಮುನಿವೆಂಕಟಪ್ಪ ಪೊಟ್ಟೋಡನ್ನು ತೆಗೆದು ಚಾಪೆಯ ಮೇಲಿಟ್ಟರು. ಬಾಖರ್ ಪೇಪರಿನಲ್ಲಿ ಸುತ್ತಿ ತಂದಿದ್ದ ಪೊಡುಗೋಡನ್ನು ಬಿಚ್ಚಿ ಪಕ್ಕದಲ್ಲಿಟ್ಟರು. ಎತ್ತಿನ ಕಾಲಿನ ಕಥೆಯಿಂದ ಹಿಡಿದು ನಾಲಿಗೆ ಸುಟ್ಟ ಕಥೆಯವರೆಗೆ ಎಲ್ಲವೂ ಆಯಿತು. ಆದಿಲಕ್ಷ್ಮಮ್ಮ ಎಲ್ಲ ಕೇಳಿಸಿಕೊಂಡರು. ಆಮೇಲೆ ಅವರ ಧ್ವನಿ ಇದ್ದಕ್ಕಿದ್ದಂತೆ ಇಳಿಯಿತು.

"ನಿಮಗೆ ಅದು ತಮಾಷೆ ಅಣ್ಣ. ಈ ಮಗು ಸ್ಕೂಲಿಂದ ದಿನಾ ಅಳ್ಕೊಂಡು ಬರ್ತಿತ್ತು, ಎಲ್ರೂ ಪೊಟ್ಟೋಡು ಪೊಟ್ಟೋಡು ಅಂತಾರೆ ದೊಡ್ಡಮ್ಮ ಅಂತ. ಆ ಮಾತು ಕಿವಿಗೆ ಬಿದ್ರೆ ನಂಗೆ ಈಗ್ಲೂ ಹೊಟ್ಟೆ ಉರಿಯುತ್ತೆ."

ಮುನಿವೆಂಕಟಪ್ಪನವರಿಗೆ ನಿಜವಾಗಿ ನಾಚಿಕೆಯಾಯಿತು. ಹೆಸರಿಟ್ಟಾಗ ಎತ್ತು, ಕುಡುಗೋಲು ಬಿಟ್ಟರೆ ಅವರ ತಲೆಯಲ್ಲಿ ಬೇರೇನೂ ಇರಲಿಲ್ಲ.

"ತಪ್ಪಾಯ್ತು ತಾಯಿ" ಅಂದರು.

"ಸರಿ, ಪೈಪಿನ ಮಾತೇ ಅಂತ ಇಟ್ಕೊಳ್ಳಣ. ಗಿಡ್ಡಕ್ಕಿರೋದು ಬೇಗ ಬಿಸಿ ಆಗುತ್ತೆ ಅಂತ ನಿಮ್ಮ ಮನಸ್ಸಲ್ಲಿ ಇರೋದಂತೂ ನಿಜ ತಾನೇ? ನಾಳೆ ನಮ್ಮ ಹುಡುಗ ಒಂದು ಮಾತು ಜೋರಾಗಿ ಆಡಿದ್ರೆ, ನೋಡಿದ್ಯಾ, ಪೊಟ್ಟೋಡು ಬಿಸಿಯಾದ ಅಂತೀರ. ಸೇದಿ ತೋರ್ಸಿ, ನಾನೂ ನೋಡ್ತೀನಿ. ಇಲ್ಲಲ್ಲ, ಹುಳ ಇದೆ. ಆ ಕಡೆ ನಡೀರಿ!"

ಎಲ್ಲರೂ ಎದ್ದು ಹುಳದ ಮನೆಯಿಂದ ದೂರ, ಹೊಲದ ಅಂಚಿನ ಹುಣಸೆಮರದ ಕೆಳಗೆ ಹೋದರು. ಮುನಿವೆಂಕಟಪ್ಪ ಪೊಟ್ಟೋಡಿಗೆ ಹೊಗೆಸೊಪ್ಪು ತುಂಬಿ, ಬೆಂಕಿ ತಗುಲಿಸಿ ಎಳೆದರು. ಬುಸ್ ಬುಸ್ ಅಂತ ಹೊಗೆ ಬಂತು. ಆದಿಲಕ್ಷ್ಮಮ್ಮ ಬಟ್ಟಲು ಮುಟ್ಟಿ ಬೆರಳು ಕೊಡವಿಕೊಂಡರು. ಕೆಂಡ! ಬಾಖರ್ ಪೊಡುಗೋಡನ್ನು ಹಚ್ಚಿದರು. ಅವರು ಎಲ್ಲವನ್ನೂ ನಿಧಾನವಾಗಿ ಮಾಡುವವರು, ಹರಳು ಉಜ್ಜಿ ಉಜ್ಜಿ ಬಂದ ಅಭ್ಯಾಸ. ಕಣ್ಣುಮುಚ್ಚಿ ಒಂದು ಸಲ ಎಳೆದು, ಮರದ ಮೇಲಿನ ಹಕ್ಕಿ ನೋಡಿ, ಮತ್ತೆ ಎಳೆದರು. ಆದಿಲಕ್ಷ್ಮಮ್ಮ ಆ ಬಟ್ಟಲು ಮುಟ್ಟಿದರು. ಬೆಚ್ಚಗಿತ್ತು, ಅಷ್ಟೇ.

"ನೋಡಿದ್ರಾ!" ಅಂತ ಬಾಖರ್ ಗೆಲುವಿನಿಂದ ಕೂಗಿದರು. ಕೂಗಿದ ಮೇಲೆ ತಾನು ಏನು ಕೂಗಿದೆನೆಂದು ಹೊಳೆಯಿತು. ಪೈಪನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ಮುನಿವೆಂಕಟಪ್ಪ ಪೊಟ್ಟೋಡನ್ನು ಬಾಯಿಂದ ತೆಗೆದರು. ಸಂಬಂಧ ಉಳಿಸಲು ಬಂದು ತಾವೇ ಗುಂಡಿಗೆ ಹಾಕಿದ ಹಾಗಾಯಿತು. ಆದಿಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಹೊರಡಲು ತಿರುಗಿದರು.

"ತಾತ, ಅದಲುಬದಲು ಮಾಡಿ ಸೇದಿ" ಅಂದಳು ಪವಿತ್ರ. ಬೆಳಗಿನಿಂದ ಅವಳಾಡಿದ ಮೊದಲ ಮಾತು ಅದು.

ಮುನಿವೆಂಕಟಪ್ಪ ಪೊಡುಗೋಡನ್ನು ಬಾಯಿಗಿಟ್ಟು ತಮ್ಮ ಎಂದಿನ ರೀತಿಯಲ್ಲೇ ಎಳೆದರು. ಬುಸ್, ಬುಸ್, ಬುಸ್. ಎಳೆದು ಬಾಯಿಂದ ತೆಗೆದು "ಸ್ ಹಾ!" ಅಂದರು. ನಾಲಿಗೆ ಸುಟ್ಟಿತ್ತು. ಬಟ್ಟಲು ಕೆಂಡವಾಗಿತ್ತು. ಅಷ್ಟುದ್ದದ ಕೊಳವೆಯಿಂದ ಒಂದಿಷ್ಟೂ ಉಪಯೋಗವಾಗಿರಲಿಲ್ಲ. ಪೊಟ್ಟೋಡನ್ನು ಸೇದಲು ಬಾಖರ್ ಕೈ ಚಾಚಿದರು.

"ನೀವು ಬೇಡ, ನೀವು ಆ ಕಡೆಯೋರು. ಕೊಡಿ ಇಲ್ಲಿ" ಅಂತ ಆದಿಲಕ್ಷ್ಮಮ್ಮ ಕೈ ಮುಂದೆ ಮಾಡಿದರು. ಎಲ್ಲರೂ ಬಾಯಿಬಿಟ್ಟುಕೊಂಡು ನೋಡಿದರು. "ಏನ್ ನೋಡ್ತೀರಾ? ಸೊಸೆಯಾಗಿ ಬಂದಾಗ ಕಡ್ಲೇಕಾಯಿ ಹೊಲದಲ್ಲಿ ಅತ್ತೆ ಜೊತೆ ಬೀಡಿ ಸೇದ್ತಿದ್ದೆ. ಹುಳ ಇಟ್ಟ ಮೇಲೆ ಬಿಟ್ಟೆ."

ಕೊಳವೆಯನ್ನು ಸೆರಗಿನಿಂದ ಚೆನ್ನಾಗಿ ಒರೆಸಿ, ಬಟ್ಟಲು ಆರಿದ ಮೇಲೆ ಹೊಸ ಸೊಪ್ಪು ತುಂಬಿಸಿ, ಹುಣಸೆಮರದ ಬೇರಿನ ಮೇಲೆ ಆರಾಮಾಗಿ ಕೂತು ಸೇದಿದರು. ಸಣ್ಣಗೆ ಒಂದೆಳೆ. ಬಿಟ್ಟು ಸುನೀಲನ ಕಡೆ ನೋಡಿದರು. ಇನ್ನೊಂದೆಳೆ. ಪವಿತ್ರಳ ಕಡೆ ನೋಡಿದರು. ಬಟ್ಟಲನ್ನು ಕೆನ್ನೆಗೆ ಒತ್ತಿಕೊಂಡರು. ಅವರ ಮುಖದ ಬಿಗಿ ಸಡಿಲವಾಗುತ್ತ ಬಂದು, ಕೊನೆಗೆ ಹಲ್ಲೆಲ್ಲ ಕಾಣುವ ಹಾಗೆ ನಕ್ಕುಬಿಟ್ಟರು.

"ಪೊಟ್ಟೋಡು ತಣ್ಣಗವ್ನೆ ಕಣಣ್ಣ!" ಅಂದರು. ಅದೇ ಮಾತನ್ನು ಅವರ ಬಾಯಲ್ಲೇ ಕೇಳಿ ಸುನೀಲ ಜೋರಾಗಿ ನಕ್ಕ. ಆದಿಲಕ್ಷ್ಮಮ್ಮ ಮುಂದುವರಿಸಿದರು, "ಉದ್ದ ಗಿಡ್ಡದಲ್ಲಿ ಏನೂ ಇಲ್ಲ. ಎಳೆಯೋರು ನೀವು, ರೈಲು ಹೋಗ್ತಿದೆ ಅನ್ನೋ ಹಾಗೆ ಎಳೀತೀರ. ಅಷ್ಟು ಅವಸರ ಯಾಕೆ?"

ಅವಸರ ಯಾಕೆ? ಮುನಿವೆಂಕಟಪ್ಪ ಯೋಚಿಸಿದರು. ಕೊಟ್ಟಿಗೆಯ ಹಿಂದೆ ಕೂತು ಸೇದುವಾಗ ಪೊಟ್ಟೋಡು ತಣ್ಣಗಿದ್ದ. ಬೇವಿನ ಮರಕ್ಕೆ ಹೋದ ಮೇಲೂ ಪರವಾಗಿರಲಿಲ್ಲ. ಹೊಂಗೆಮರ ದೂರ. ಹೋಗಿ ಕೂತು ಬೆಂಕಿ ಹಚ್ಚುವಷ್ಟರಲ್ಲಿ ಮನೆಯಿಂದ ಅಕ್ಕಯ್ಯಮ್ಮನ ಕೂಗು ಬರುತ್ತದೆ, "ಬರ್ತೀರೋ ಇಲ್ಲ ಅಲ್ಲೇ ಇರ್ತೀರೋ?" ಅಂತ. ಬರುವುದರೊಳಗೆ ಮುಗಿಸಬೇಕು ಅಂತ ಬುಸ್ ಬುಸ್ ಎಳೆಯುವುದು ಯಾವಾಗಲೋ ಅಭ್ಯಾಸವಾಗಿಬಿಟ್ಟಿತ್ತು. ಇದನ್ನು ಹೇಳಿದಾಗ ಆದಿಲಕ್ಷ್ಮಮ್ಮ ಎಷ್ಟು ನಕ್ಕರೆಂದರೆ ಕೆಮ್ಮು ಬಂತು.

"ನಲವತ್ತು ವರ್ಷ ಆದ್ಮೇಲೆ ಗೆದ್ದಿದ್ದೆ" ಅಂತ ಬಾಖರ್ ನಿಟ್ಟುಸಿರು ಬಿಟ್ಟರು. "ಮೂರು ದಿನ ಇಟ್ಕೊಳ್ಳೋಕೆ ಬಿಡ್ಲಿಲ್ಲ ನೀವು."

ತಾಂಬೂಲಕ್ಕೆ ದಿನ ಅಲ್ಲೇ ಹುಣಸೆಮರದ ಕೆಳಗೆ ಗೊತ್ತಾಯಿತು. ಪವಿತ್ರ ಓಡಿ ಬಂದು ತಾತನ ಕುತ್ತಿಗೆಗೆ ಜೋತುಬಿದ್ದಳು. ವಾಪಸು ಬರುವಾಗ ಆಟೋದಲ್ಲಿ ಮೂವರೂ ಒಟ್ಟಿಗೆ ಮಾತಾಡಿದರು. ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ, ಯಾರಿಗೂ ಬೇಜಾರಾಗಲಿಲ್ಲ.

ಮನೆಯಲ್ಲಿ ಪವಿತ್ರ ಅಜ್ಜಿಗೆ ನಡೆದದ್ದನ್ನೆಲ್ಲ ನಟಿಸಿ ತೋರಿಸಿದಳು, ಬುಸ್ ಬುಸ್ ಸಮೇತ. ಅಕ್ಕಯ್ಯಮ್ಮ ಬಿದ್ದು ಬಿದ್ದು ನಕ್ಕರು. ಕೂಗಿನ ಮಾತು ಬಂದಾಗ ಮಾತ್ರ ನಗು ನಿಲ್ಲಿಸಿ, ಸೆರಗಿನ ತುದಿ ಹಿಡಿದುಕೊಂಡು ಗಂಡನ ಕಡೆ ನೋಡಿದರು. ಆಮೇಲೆ ಎದ್ದು ಹುಳಕ್ಕೆ ಸೊಪ್ಪು ಹಾಕಲು ಹೋದರು.

ಮರುದಿನ ಬೆಳಿಗ್ಗೆ ಮುನಿವೆಂಕಟಪ್ಪ ಎಂದಿನಂತೆ ತೋಟ ದಾಟಿ ಹೊಂಗೆಮರದ ಬುಡದಲ್ಲಿ ಕೂತರು. ಪೊಟ್ಟೋಡಿಗೆ ಸೊಪ್ಪು ತುಂಬಿ, ಬೆಂಕಿ ಹಚ್ಚಿ, ಎರಡೆಳೆ ಎಳೆದಿದ್ದರು. ಅಭ್ಯಾಸಬಲ, ಕಿವಿ ಮನೆಯ ಕಡೆಗೇ ಇತ್ತು. ಸ್ವಲ್ಪ ಹೊತ್ತಿಗೆ ಅಕ್ಕಯ್ಯಮ್ಮನ ಕೂಗು ಹಿಪ್ಪುನೇರಳೆ ಸಾಲುಗಳ ಮೇಲಿಂದ ಬಂತು. ಅವರು ಗಡಬಡಿಸಿ ಪೈಪನ್ನು ಬಾಯಿಂದ ತೆಗೆದರು.

"ನಿಧಾನಕ್ಕೆ ಬನ್ನಿ!" ಅಂತ ಕೂಗುತ್ತಿದ್ದರು ಅಕ್ಕಯ್ಯಮ್ಮ. "ಏನೂ ಅವಸರ ಇಲ್ಲ!"